1766ರಲ್ಲಿ ನೀವು ಹೈದರನ ದರ್ಬಾರಿನಲ್ಲಿದ್ದರೆ ಮಲಬಾರಿಗೆ ಇಳಿಯಿರಿ ಅನ್ನುತ್ತಿದ್ದಿರಾ?

ಚಂದ್ರಗಿರಿ ದಡ (ಕಾಸರಗೋಡು):

ಈ ಪ್ರಶ್ನೆ ತುಂಬ ದಿನದಿಂದ ತಲೆಯಲ್ಲಿ ಉಂಟು. ಇತಿಹಾಸ ಓದಿದವರು ಮಾತ್ರ ಉತ್ತರಿಸಬೇಕೆಂದಿಲ್ಲ, ಎಲ್ಲರೂ ಹೇಳಿ.

1763ರಲ್ಲಿ ಮೈಸೂರನ್ನು ಆಳುತ್ತಿದ್ದ ಹೈದರಾಲಿ ಕೆಳದಿಯವರ ರಾಜಧಾನಿ ಬಿದನೂರನ್ನು ಗೆದ್ದ. ರಾಣಿ ವೀರಮ್ಮಾಜಿಯೊಂದಿಗೆ ಕೆಳದಿ ಸಂಸ್ಥಾನ ಮುಗಿಯಿತು. ಮೈಸೂರಿಗೆ ದೊಡ್ಡ ಖಜಾನೆ ಸಿಕ್ಕಿತು, ಮಂಗಳೂರು ಬಂದರು ಸಿಕ್ಕಿತು, ಹಡಗುಗಟ್ಟಲೆ ಅಕ್ಕಿ ಕಳಿಸುವ ಕರಾವಳಿ ಸಿಕ್ಕಿತು. ನಮ್ಮ ಬೇಕಲ, ಚಂದ್ರಗಿರಿ, ಹೊಸದುರ್ಗದ ಕೋಟೆಗಳೂ ಅದರ ಜೊತೆಗೇ ಬಂದವು. ಅಲ್ಲಿಯವರೆಗೆ ಒಳನಾಡಾಗಿದ್ದ ರಾಜ್ಯಕ್ಕೆ ಸಮುದ್ರ ತೆರೆಯಿತು. ಇಷ್ಟು ಲಾಭ ಎನ್ನುವುದರಲ್ಲಿ ಯಾರಿಗೂ ತಕರಾರು ಇರಲಿಕ್ಕಿಲ್ಲ.

ಆದರೆ ಮೂರೇ ವರ್ಷದಲ್ಲಿ, 1766ಕ್ಕೆ, ಅವನು ಇನ್ನೂ ತೆಂಕಕ್ಕೆ ಹೋದ. ಕಾರಣ ಹಳೆಯ ಬಾಕಿ. 1757ರಲ್ಲಿ ಪಾಲಕ್ಕಾಡಿನ ಅರಸ, ಕಲ್ಲಿಕೋಟೆಯ ಅರಸ ಸಾಮೂದಿರಿಯ ವಿರುದ್ಧ ನೆರವಿಗೆ ಕರೆದಾಗ ಹೈದರ್ ಸೈನ್ಯ ಕಳಿಸಿದ್ದ. ಆಗ ಸಾಮೂದಿರಿ ಯುದ್ಧದ ಖರ್ಚೆಂದು 12 ಲಕ್ಷ ರೂಪಾಯಿ ಕೊಡುತ್ತೇನೆಂದು ಒಪ್ಪಿ ಕೊಟ್ಟಿರಲಿಲ್ಲ. ಕಣ್ಣೂರಿನ ಆಲಿ ರಾಜನೂ ಬನ್ನಿ ಅಂದ. ಸೈನ್ಯ ಕಲ್ಲಿಕೋಟೆ ತಲುಪಿದಾಗ ಸಾಮೂದಿರಿ ಅರಮನೆಗೆ ಬೆಂಕಿ ಇಟ್ಟು ಅದರಲ್ಲೇ ಸತ್ತ. ಗೆಲುವು ಅಷ್ಟು ಬೇಗ ಬಂತು.

ಮುಂದಿನದ್ದು ನೋಡಿ. ಅದೇ ವರ್ಷ ನಾಯರ್ ದಂಗೆ. 1768ರಲ್ಲಿ ಕಪ್ಪದ ಮಾತು ತೆಗೆದುಕೊಂಡು ಸೈನ್ಯ ವಾಪಸ್. ಐದಾರು ವರ್ಷದ ನಂತರ ಮತ್ತೆ ದಂಡಯಾತ್ರೆ. 1779ರಲ್ಲಿ ಇಂಗ್ಲಿಷರು ಫ್ರೆಂಚರ ಬಂದರು ಮಾಹೆ ಹಿಡಿದದ್ದಕ್ಕೆ ಜಗಳ, ಅದರ ಬೆನ್ನಿಗೇ ಇಂಗ್ಲಿಷರ ಜೊತೆ ಎರಡನೇ ಮೈಸೂರು ಯುದ್ಧ. 1789ರ ಡಿಸೆಂಬರಿನಲ್ಲಿ ಹೈದರನ ಮಗ ಟಿಪ್ಪು ತಿರುವಾಂಕೂರಿನ ಗಡಿಗೋಡೆ ನೆಡುಂಕೋಟೆಗೆ ನುಗ್ಗಿದ, ಮೂರನೇ ಯುದ್ಧ ಶುರು. 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಅರ್ಧ ರಾಜ್ಯ, 3 ಕೋಟಿ 30 ಲಕ್ಷ ರೂಪಾಯಿ ದಂಡ, ಇಬ್ಬರು ಮಕ್ಕಳು ಒತ್ತೆ. ಮಲಬಾರು ಹೋಯಿತು, ಅದರ ಜೊತೆಗೆ ಬಾರಾಮಹಲ್, ದಿಂಡಿಗಲ್, ಕೊಡಗೂ ಹೋದವು.

12 ಲಕ್ಷದ ಬಾಕಿ ವಸೂಲಿಗೆ ಇಳಿದ ದಾರಿ 3 ಕೋಟಿ 30 ಲಕ್ಷದ ದಂಡದವರೆಗೆ ಹೋಯಿತು. ಇಳಿಯಬಾರದಿತ್ತು ಅನ್ನುವುದು ನನ್ನ ಅಭಿಪ್ರಾಯ. ಗೆಲ್ಲುವ ಖರ್ಚು ಒಂದೇ ಸಲದ್ದು, ಹಿಡಿದಿಟ್ಟುಕೊಳ್ಳುವ ಖರ್ಚು ಪ್ರತಿ ವರ್ಷದ್ದು. ದರ್ಬಾರಿನಲ್ಲಿ ಎರಡನೆಯದನ್ನು ಯಾರಾದರೂ ಎತ್ತಿದ್ದರೋ? ನಿಮ್ಮ ಲೆಕ್ಕ ಹೇಳಿ.

ಪೆರ್ಲದ ತೋಟದವ:

ಒಪ್ಪುವುದಿಲ್ಲ. ನೀವು ಸೋತ ಮೇಲಿನ ಲೆಕ್ಕವನ್ನು ಮೊದಲೇ ಇಟ್ಟು ಮಾತಾಡ್ತಾ ಇದ್ದೀರಿ. 1766ರಲ್ಲಿ ಕೂತು ಯೋಚಿಸಿ.

ಮೈಸೂರಿಗೆ ಪಶ್ಚಿಮದಿಂದ ಬರುವ ದಾರಿಗಳು ಯಾವುವು? ಒಂದು ಪಾಲಕ್ಕಾಡಿನ ಕಣಿವೆ, ಅದು ನೇರ ಕೊಯಮತ್ತೂರಿಗೆ ಬಾಗಿಲು. ಇನ್ನೊಂದು ಕಣ್ಣೂರಿನಿಂದ ಕೊಡಗಿನ ಮೇಲೆ. ಮತ್ತೊಂದು ಹೊಸಂಗಡಿ ಘಾಟಿ. ಇಂಗ್ಲಿಷರು ಈ ಮೂರನ್ನೂ ಬಳಸಿದರು. 1783ರಲ್ಲಿ ಜನರಲ್ ಮ್ಯಾಥ್ಯೂಸ್ ಹೊಸಂಗಡಿ ಹತ್ತಿ ಬಿದನೂರನ್ನೇ ಹಿಡಿದ. ಅದೇ ವರ್ಷ ಫುಲ್ಲರ್ಟನ್ ಪಾಲಕ್ಕಾಡು ಹಿಡಿದ. 1791–92ರಲ್ಲಿ ಅಬರ್‌ಕ್ರಾಂಬಿ ಕೊಡಗಿನ ದಾರಿಯಲ್ಲಿ ಶ್ರೀರಂಗಪಟ್ಟಣಕ್ಕೆ ಬಂದ. ತಲಶ್ಶೇರಿಯಲ್ಲಿ ಈಸ್ಟ್ ಇಂಡಿಯಾ ಕಂಪೆನಿಯವರು ಮೊದಲೇ ಕೋಟೆ ಕಟ್ಟಿ ಕೂತಿದ್ದರು. ಮಲಬಾರನ್ನು ಹಾಗೇ ಬಿಟ್ಟಿದ್ದರೆ ಅವರು ಸುಮ್ಮನೆ ಕಾಳುಮೆಣಸು ಕೊಂಡು ಹೋಗುತ್ತಿದ್ದರು ಅಂತ ನಂಬುತ್ತೀರಾ? ಬಂಗಾಳದಲ್ಲಿ 1765ಕ್ಕೇ ದಿವಾನಿ, ಅಂದರೆ ಕಂದಾಯ ವಸೂಲಿಯ ಹಕ್ಕು, ಪಡೆದವರು ಅವರು.

ಮೆಣಸು, ಏಲಕ್ಕಿ, ಗಂಧ ಕೈಯಲ್ಲಿದ್ದರೆ ಅವರ ವ್ಯಾಪಾರದ ಕತ್ತು ಹಿಡಿಯಬಹುದು. ಮಾಹೆ ದಾರಿಯಾಗಿ ಫ್ರೆಂಚರ ಮದ್ದುಗುಂಡು ಬರುತ್ತಿತ್ತು. ನಾನು ಆ ದರ್ಬಾರಿನಲ್ಲಿದ್ದರೆ ಇಳಿಯಿರಿ ಅಂತಲೇ ಹೇಳುತ್ತಿದ್ದೆ.

ಚಂದ್ರಗಿರಿ ದಡ:

ಪೆರ್ಲದ ಅಣ್ಣ, ನಿಮ್ಮ ಉದಾಹರಣೆಗಳೇ ನನ್ನ ಪರವಾಗಿ ಉಂಟು. 1783ರಲ್ಲಿ ಪಾಲಕ್ಕಾಡಿನಲ್ಲಿ ಹೈದರ್ ಕಟ್ಟಿಸಿದ ಕೋಟೆ ಇತ್ತು, ಆದರೂ ಹಿಡಿದರು. ಬಿದನೂರಿನಲ್ಲಿ ಕೋಟೆ ಇತ್ತು, ಹೈದರನೇ ಸಾಕಿ ಬೆಳೆಸಿದ ಅಧಿಕಾರಿ ಆಯಾಜ್ ಯುದ್ಧವಿಲ್ಲದೆ ಒಪ್ಪಿಸಿದ. ಕೊಡಗಿನ ದಾರಿ ಅಬರ್‌ಕ್ರಾಂಬಿಗೆ ಸಿಕ್ಕಿದ್ದು ಹೇಗೆ? ಪಿರಿಯಾಪಟ್ಟಣದ ಸೆರೆಯಿಂದ 1788ರಲ್ಲಿ ತಪ್ಪಿಸಿಕೊಂಡ ದೊಡ್ಡ ವೀರರಾಜೇಂದ್ರ ಸ್ವಂತ ಇಚ್ಛೆಯಿಂದ ದಾರಿ ಕೊಟ್ಟ. ಅವನ ನಾಡನ್ನು ಕಸಿದುಕೊಳ್ಳದೆ ಇದ್ದಿದ್ದರೆ ಅವನಿಗೆ ಇಂಗ್ಲಿಷರ ಹಂಗು ಯಾಕೆ ಬೇಕಿತ್ತು?

ಘಾಟಿ ಕಾಯುವವರು ಆ ಘಾಟಿಯಲ್ಲಿ ಬದುಕುವವರು. ಅವರು ನಿಮ್ಮವರಾಗದೆ ಇದ್ದರೆ ನಕ್ಷೆಯಲ್ಲಿ ಬಾಗಿಲು ನಿಮ್ಮದು, ಬೀಗದ ಕೈ ಅವರದ್ದು.

ಸಂಚಾಲಕ:

ವಿನಂತಿ. ಟಿಪ್ಪು ಒಳ್ಳೆಯವನೋ ಕೆಟ್ಟವನೋ ಎಂಬ ಚರ್ಚೆ ಇಲ್ಲಿ ಬೇಡ. ಅದಕ್ಕೆ ಬೇರೆ ಎಳೆ ಉಂಟು. ರಾಜ್ಯ ವಿಸ್ತರಣೆಯ ಲಾಭ ನಷ್ಟದ ವಿಷಯಕ್ಕೇ ನಿಲ್ಲಿ. ಎರಡು ಕಮೆಂಟ್ ತೆಗೆದಿದ್ದೇನೆ.

ಬದಿಯಡ್ಕದ ಮಾಷ್ಟ್ರು:

ಪ್ರಶ್ನೆ ಚೆನ್ನಾಗಿ ಉಂಟು. ನಾನು ಸ್ವಲ್ಪ ಹಿಂದಕ್ಕೆ ಹೋಗುತ್ತೇನೆ. ಇದೇ ಕರಾವಳಿಗೆ ಮೈಸೂರಿಗಿಂತ ನೂರು ವರ್ಷ ಮೊದಲು ಘಟ್ಟದಿಂದ ಇನ್ನೊಂದು ರಾಜ್ಯ ಇಳಿದಿತ್ತು, ಅದೇ ಕೆಳದಿ. ಅವರೂ ವಿಸ್ತರಿಸಿದವರೇ. ಎರಡನ್ನೂ ಪಕ್ಕದಲ್ಲಿಟ್ಟು ನೋಡಬೇಕು.

ಕೆಳದಿಯ ಶಿವಪ್ಪನಾಯಕ 1645ರಿಂದ 1660ರವರೆಗೆ ಆಳಿದ. ಬೇಕಲ ಕೋಟೆ ಅವನ ಕಾಲದ್ದು. ಅವನನ್ನು ಜನ ನೆನಪಿಟ್ಟಿರುವುದು ಮಾತ್ರ ಕೋಟೆಗಿಂತ ಹೆಚ್ಚಾಗಿ ಕಂದಾಯಕ್ಕೆ. ಶಿಸ್ತಿನ ಶಿವಪ್ಪನಾಯಕ ಅಂತಲೇ ಹೆಸರು, ಇಲ್ಲಿ ಶಿಸ್ತು ಅಂದರೆ ಗೊತ್ತುಮಾಡಿದ ಕಂದಾಯ. ಘಟ್ಟದ ಮೇಲಿನ ಸೀಮೆಯಲ್ಲಿ ಅವನು ಮಾಡಿದ್ದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ಈ ಚರ್ಚೆಯ ಜೀವ ಅಲ್ಲೇ ಇದೆ. ಪ್ರತಿ ಊರಿನಲ್ಲಿ ಎಷ್ಟು ತರದ ಭೂಮಿ ಇದೆಯೋ ಅಷ್ಟು ತರದ ಒಂದೊಂದು ಗದ್ದೆಯನ್ನು ಸರಕಾರದ ಖರ್ಚಿನಲ್ಲೇ ಸಾಗುವಳಿ ಮಾಡಿಸಿದ. ಬಿತ್ತಿದ ಬೀಜ ಎಷ್ಟು, ಆಳಿನ ಖರ್ಚು ಎಷ್ಟು, ಬಂದ ಫಸಲು ಎಷ್ಟು, ಅದಕ್ಕೆ ಸಿಕ್ಕಿದ ಕ್ರಯ ಎಷ್ಟು, ಎಲ್ಲ ಬರೆದಿಡಿಸಿದ. ಹೀಗೆ ಒಂದು ವರ್ಷ ಅಲ್ಲ, ಸತತ 12 ವರ್ಷ. ಮಳೆ ಹೆಚ್ಚಾದ ವರ್ಷ, ಕಡಿಮೆಯಾದ ವರ್ಷ, ಕ್ರಯ ಬಿದ್ದ ವರ್ಷ ಎಲ್ಲ ಅದರೊಳಗೆ ಬಂತು. ಅದರ ಸರಾಸರಿ ತೆಗೆದು ಮೂರನೇ ಒಂದು ಪಾಲು ಸರಕಾರಕ್ಕೆ ಅಂತ ಗೊತ್ತುಮಾಡಿದ. ಒಕ್ಕಲಿಗೆ ಮುಂದಿನ ವರ್ಷ ಎಷ್ಟು ಕೊಡಬೇಕು ಅಂತ ಮೊದಲೇ ಗೊತ್ತು. ಹೆಚ್ಚು ಬೆಳೆದರೆ ಹೆಚ್ಚಿನದ್ದು ಅವನಿಗೇ.

ಹೊಸ ಸೀಮೆಯನ್ನು ಒಂದು ರಾಜ್ಯ ಜೀರ್ಣಿಸಿಕೊಳ್ಳುವುದಕ್ಕೆ ಬೇಕಾದ ತಾಳ್ಮೆ ಇದು. ಕರಾವಳಿಯ ಪದ್ಧತಿ ಬೇರೆ ಇತ್ತು, ಆದರೂ ಕೆಳದಿಯವರ ಕಂದಾಯ ಸ್ಥಿರವಾಗಿತ್ತು. ಹೈದರನ ಕಾಲಕ್ಕೆ ಅದರ ಮೇಲೆ ಹೆಚ್ಚುವರಿ ಬಿತ್ತು. ಟಿಪ್ಪುವಿನ ಕಾಲಕ್ಕೆ ಇನ್ನೂ ಏರಿತು. 1799ರಲ್ಲಿ ಕಂಪೆನಿಯ ಕಲೆಕ್ಟರಾಗಿ ಕೆನರಾಕ್ಕೆ, ಅಂದರೆ ಮಂಗಳೂರು ಕಡೆಯ ಈ ಕರಾವಳಿ ಜಿಲ್ಲೆಗೆ, ಬಂದ ಥಾಮಸ್ ಮನ್ರೋ ಹಳೆಯ ಕಡತ ಬಿಡಿಸಿ ನೋಡಿದಾಗ ಕಂಡದ್ದೂ ಇದೇ. ಏರಿಸಿದ್ದು ಯಾಕೆ? ಯುದ್ಧಕ್ಕೆ. ಯುದ್ಧ ಯಾಕೆ? ಹೊಸದಾಗಿ ಗೆದ್ದ ಗಡಿಯನ್ನು ಉಳಿಸಿಕೊಳ್ಳುವುದಕ್ಕೆ. ತೆಂಕಣ ಗಡಿಯ ಖರ್ಚನ್ನು ಹಿಂದಿನ ಗಡಿಯ ಒಕ್ಕಲು ಕೊಟ್ಟ.

ಇನ್ನೊಂದು ಉದಾಹರಣೆ, ಇದು ಕನ್ನಡದ ದೊಡ್ಡ ಚಕ್ರವರ್ತಿಯದ್ದು. ರಾಷ್ಟ್ರಕೂಟರ ಮೂರನೇ ಕೃಷ್ಣ 949ರಲ್ಲಿ ತಕ್ಕೋಲದಲ್ಲಿ ಚೋಳರನ್ನು ಸೋಲಿಸಿದ. ಚೋಳ ಯುವರಾಜ ರಾಜಾದಿತ್ಯ ಅಲ್ಲೇ ಸತ್ತ. ಕಂಚಿಯ ಸುತ್ತಲಿನ ತೊಂಡೈಮಂಡಲ ಕನ್ನಡದವರ ಕೈಗೆ ಬಂತು. ಆ ಗೆಲುವಿಗೆ ಕೃಷ್ಣ ಕೊಟ್ಟ ಬೆಲೆ ಏನು ಗೊತ್ತೇ? ರಾಜಾದಿತ್ಯನನ್ನು ಕೊಂದ ಗಂಗ ಬೂತುಗನಿಗೆ ಬನವಾಸಿಯಂಥ ಹೃದಯಭಾಗದ ನಾಡು ಬಹುಮಾನವಾಗಿ ಹೋಯಿತು. ತೈಲಪ ಎಂಬ ಸಾಮಂತನಿಗೆ ವಿಜಾಪುರದ ಕಡೆಯ ತರ್ದವಾಡಿ. 967ರಲ್ಲಿ ಕೃಷ್ಣ ಸತ್ತ. 972ರಲ್ಲಿ ಮಾಳವದ ಪರಮಾರ ಸೀಯಕ ಬಂದು ರಾಜಧಾನಿ ಮಾನ್ಯಖೇಟವನ್ನು (ಈಗಿನ ಮಳಖೇಡ) ಕೊಳ್ಳೆ ಹೊಡೆದ. ಮಾರನೇ ವರ್ಷ ಅದೇ ತೈಲಪ ರಾಷ್ಟ್ರಕೂಟರನ್ನು ಮುಗಿಸಿ ಕಲ್ಯಾಣ ಚಾಲುಕ್ಯರ ರಾಜ್ಯ ಹೂಡಿದ. ಕಂಚಿ ಗೆದ್ದವರಿಗೆ ಮಳಖೇಡ ಉಳಿಸಿಕೊಳ್ಳಲಿಕ್ಕೆ ಆಗಲಿಲ್ಲ. ದೂರದ ಗೆಲುವಿಗೆ ಮನೆಯ ಹತ್ತಿರದ ಭೂಮಿಯನ್ನೂ ಅಧಿಕಾರವನ್ನೂ ಹಂಚಿದ್ದೇ ಮುಳುವಾಯಿತು ಅಂತ ನನ್ನ ದೃಢ ಅಭಿಪ್ರಾಯ.

ಪೆರ್ಲದ ತೋಟದವ:

ಮಾಷ್ಟ್ರೆ, ಕೆಳದಿಯವರೂ ಸುಮ್ಮನೆ ಕೂತಿರಲಿಲ್ಲವಲ್ಲ. 1730ರ ದಶಕದಲ್ಲಿ ಕಣ್ಣೂರು ಕಡೆಯ ಅರಸ ಕೋಲತ್ತಿರಿಯ ನಾಡಿಗೆ ನುಗ್ಗಿ ತಲಶ್ಶೇರಿಯ ಇಂಗ್ಲಿಷರ ಜೊತೆಗೂ ಜಟಾಪಟಿ ಮಾಡಿಕೊಂಡರು.

ಬದಿಯಡ್ಕದ ಮಾಷ್ಟ್ರು:

ಹೌದು. ಹೋದರು, ಖರ್ಚು ನೋಡಿದರು, ಒಪ್ಪಂದ ಮಾಡಿಕೊಂಡು ಹಿಂದೆ ಬಂದರು. ನಿಲ್ಲುವ ಜಾಗ ಗೊತ್ತಿತ್ತು ಅಂತ ನಾನು ಹೇಳುವುದು ಅದಕ್ಕೇ.

ಅಕ್ಕಲಕೋಟದಿಂದ:

ಎಲ್ಲಾರಿಗೂ ಶರಣು. ನಾ ಸೊಲ್ಲಾಪುರ ಜಿಲ್ಲಾದಂವ. ನೀವು ಮಲಬಾರದ ಮಾತು ಆಡಾಕತ್ತೀರಿ, ನಮ್ಮ ಕಡೀದೊಂದು ಹೇಳತೀನಿ ಕೇಳ್ರಿ.

ಮಂಗಳವೇಢೆ ತಾಲೂಕಿನ್ಯಾಗ ಭೀಮಾ ದಂಡಿ ಮ್ಯಾಲ ಮಾಚನೂರ ಅಂತ ಊರು ಅದ. ಬಾಜೂಕ ಬ್ರಹ್ಮಪುರಿ. ಔರಂಗಜೇಬ 1695ರಿಂದ 1699ರ ತನಕಾ ಅಲ್ಲೇ ಡೇರೆ ಹಾಕಿ ಕುಂತಿದ್ದ. ಹಿಂದೂಸ್ತಾನದ ಬಾದಶಹಾ ದಿಲ್ಲಿ ಬಿಟ್ಟು ನಮ್ಮ ಭೀಮಾ ದಂಡಿಗೆ ಯಾಕ ಕುಂತಾನು? 1681ರಾಗ ದಖ್ಖನಿಗೆ ಬಂದಂವ. 1686ರಾಗ ವಿಜಾಪುರ ಬಿತ್ತು, 1687ರಾಗ ಗೋಳಕೊಂಡ. ಎರಡೂ ಶ್ರೀಮಂತ ರಾಜ್ಯ, ಮೊಘಲರ ನಕಾಶೆ ಎಂದೂ ಇಲ್ಲದಷ್ಟು ದೊಡ್ಡದಾತು. ಕಾಗದದ ಮ್ಯಾಲ ನೋಡಿದರ ಅದಕ್ಕಿಂತ ದೊಡ್ಡ ಲಾಭ ಯಾವುದು?

ಖರೇ ಹೇಳಬೇಕಂದ್ರ ಅಲ್ಲಿಂದನ ಹಾನಿ ಸುರು. ಆದಿಲಶಾಹಿ, ಕುತುಬಶಾಹಿ ಇದ್ದಾಗ ಮರಾಠರನ್ನ ತಡಿಯೋ ಕೆಲಸ ಅವರದೂ ಆಗಿತ್ತು. ಅವರನ್ನ ಮುಗಿಸಿದ ಮ್ಯಾಲ ಆ ಭಾರ ಪೂರಾ ದಿಲ್ಲಿ ತಲೀ ಮ್ಯಾಲ ಬಿತ್ತು. ಕೆಲಸ ಕಳಕೊಂಡ ಸೈನಿಕರು, ಸರದಾರರು ಬೇಕಾದ ಕಡೆ ಚದರಿದರು. ಹೊಸಾ ಸರದಾರರಿಗೆ ಕೊಡಾಕ ಜಾಗೀರ ಸಾಲಲಿಲ್ಲ. 1699ರಾಗ ಮುದುಕ ಬಾದಶಹಾ ಬ್ರಹ್ಮಪುರಿಯಿಂದ ಎದ್ದು ಒಂದೊಂದ ಕೋಟೆ ಹಿಡಿಯಾಕ ಹೊಂಟ. ಸಾತಾರಾ, ಪನ್ಹಾಳಾ, ವಿಶಾಳಗಡ, ಸಿಂಹಗಡ. ಭಾಳಷ್ಟು ಕಡೆ ಕಿಲ್ಲೇದಾರಗ ರೊಕ್ಕಾ ಕೊಟ್ಟು ಕೋಟೆ ತಗೊಂಡ. ಅಂವ ಮುಂದ ಹೋದ ಮ್ಯಾಲ ಮರಾಠರು ತಿರುಗಿ ಹಿಡದರು. 1707ರಾಗ ಅಹಮದನಗರದ ಹತ್ರ ಸತ್ತ. 26 ವರ್ಷ, ದಿಲ್ಲಿ ಮತ್ತ ಕಣ್ಣಿಗೆ ಬೀಳಲಿಲ್ಲ.

ನಡುವಿನ ರಾಜ್ಯ ಒಡದು ನುಂಗೋ ಮುಂದ ಒಂದು ಪ್ರಶ್ನಾ ಕೇಳಬೇಕು: ಈ ರಾಜ್ಯ ಇಷ್ಟು ದಿನ ಯಾರನ್ನ ತಡದಿತ್ತು? ಮಲಬಾರದ ಸಣ್ಣ ಅರಸರು ಇಂಗ್ಲಿಷರಿಗೂ ಮೈಸೂರಿಗೂ ನಡುವ ಇದ್ದರಲ್ರಿ. ಅವರನ್ನ ತಗದ ಮ್ಯಾಲ ಮೈಸೂರು ಇಂಗ್ಲಿಷರ ಮಾರಿಗೆ ಮಾರಿ ಹಚ್ಚಿ ನಿಂತಂಗ ಆತು.

ಚಂದ್ರಗಿರಿ ದಡ:

ಅಕ್ಕಲಕೋಟದವರೇ, ಇದು ನಾನು ಯೋಚಿಸದ ಕೋನ. ನೆರೆಯ ರಾಜ್ಯವನ್ನು ಬರೀ ಆದಾಯವಾಗಿ ನೋಡಿದರೆ ಅದು ಮಾಡುತ್ತಿದ್ದ ಕಾವಲು ಲೆಕ್ಕಕ್ಕೆ ಬರುವುದೇ ಇಲ್ಲ.

ಹೊಸದುರ್ಗದವ:

ಎಲ್ಲರೂ ನಷ್ಟದ್ದೇ ಹೇಳುತ್ತಿದ್ದೀರಿ. ಇನ್ನೊಂದು ಬದಿಯೂ ಉಂಟು. ಕೆಳದಿಯವರು ವಿಸ್ತರಿಸದೆ ಇದ್ದಿದ್ದರೆ ನಾನು ಇಲ್ಲಿ ಕನ್ನಡ ಬರೆಯುತ್ತಾ ಕೂರುತ್ತಿರಲಿಲ್ಲ. ಸೋಮಶೇಖರ ನಾಯಕ ಹೊಸದುರ್ಗ ಕಟ್ಟಿದ. ಕೋಟೆ ಕಾಯಲಿಕ್ಕೆ ಅಂತ ಬಡಗಿನಿಂದ ಬಂದ ಕೋಟೆಗಾರರು, ಈಗಿನ ರಾಮಕ್ಷತ್ರಿಯರು, ಹೊಸದುರ್ಗ, ಬೇಕಲ, ಕಾಸರಗೋಡಿನ ಸುತ್ತ ನೆಲೆ ನಿಂತರು. ನಮ್ಮ ಮನೆಯಲ್ಲಿ ಇಂದಿಗೂ ಕನ್ನಡವೇ. ದೇವಸ್ಥಾನ, ಪೇಟೆ, ಮದುವೆ ಸಂಬಂಧ ಎಲ್ಲ ಆ ಕೋಟೆಗಳ ಸುತ್ತ ಬೆಳೆದದ್ದು. ದಾರಿ ಸುರಕ್ಷಿತವಾದರೆ ವ್ಯಾಪಾರ ಬರುತ್ತದೆ. ಒಂದೇ ಆಡಳಿತದಲ್ಲಿ ಮಂಗಳೂರಿನಿಂದ ನೀಲೇಶ್ವರದವರೆಗೆ ಸರಕು ಓಡಾಡಿದರೆ ಸುಂಕದ ಕಟ್ಟೆಗಳು ಕಡಿಮೆಯಾಗುತ್ತವೆ. ಇದನ್ನು ಲಾಭದ ಕಲಮಿಗೆ ಹಾಕದೆ ಇದ್ದರೆ ಲೆಕ್ಕ ಅರ್ಧ.

ಬೇಕಲಕ್ಕೆ ಹೋದಾಗ ಸೂರ್ಯಾಸ್ತದ ಫೋಟೊ ತೆಗೆದು ಬರಬೇಡಿ. ಕೆಂಪುಕಲ್ಲಿನ ಗೋಡೆಯ ಕಿಂಡಿಗಳ ಹತ್ತಿರ ಬಗ್ಗಿ ನೋಡಿ. ಮೇಲಿನ ಸಾಲಿನ ಕಿಂಡಿಯಲ್ಲಿ ದೂರದ ನೀರು ಕಾಣುತ್ತದೆ, ಅದು ಇನ್ನೂ ದೂರ ಇರುವ ವೈರಿಗೆ. ಅದರ ಕೆಳಗಿನದ್ದು ಹತ್ತಿರ ಬಂದವನಿಗೆ. ತೀರಾ ಕೆಳಗಿನದ್ದರಲ್ಲಿ ಗೋಡೆಯ ಬುಡವೇ ಕಾಣುತ್ತದೆ. ಬಾಗಿಲಿನ ದಾರಿ ನೇರ ಒಳಗೆ ಹೋಗುವುದಿಲ್ಲ, ತಿರುಗಿ ತಿರುಗಿ ಹೋಗುತ್ತದೆ. ನಡುವಿನ ವೀಕ್ಷಣಾ ಗೋಪುರಕ್ಕೆ ಅಗಲದ ಇಳಿಜಾರು. ಅದರ ಮೇಲೆ ನಿಂತರೆ ಕಡಲೂ ಕಾಣುತ್ತದೆ, ಒಳನಾಡೂ ಕಾಣುತ್ತದೆ. ಅಷ್ಟು ಯೋಚನೆ ಮಾಡಿ ಕಟ್ಟಿದವರಿಗೆ ಲಾಭ ನಷ್ಟ ಗೊತ್ತಿರಲಿಲ್ಲ ಅಂತ ಹೇಳಲಿಕ್ಕೆ ನನಗೆ ಮನಸ್ಸು ಬರುವುದಿಲ್ಲ.

ದುಬೈಯಲ್ಲಿರುವ ಕುಂಬಳೆಯವ:

ನನ್ನದು ಲೆಕ್ಕಪತ್ರದ ಕೆಲಸ, ಆ ಕಣ್ಣಿನಲ್ಲೇ ಹೇಳುತ್ತೇನೆ. ಸೋತವರ ಲೆಕ್ಕ ಆಯಿತು, ಗೆದ್ದವರದ್ದೂ ನೋಡಿ.

1765ರಲ್ಲಿ ಕಂಪೆನಿಗೆ ಬಂಗಾಳದ ದಿವಾನಿ ಬಂದಾಗ ಲಂಡನ್ನಿನಲ್ಲಿ ಷೇರಿನ ಬೆಲೆ ಹಾರಿತು. ಒಂದು ಇಡೀ ದೇಶದ ಕಂದಾಯವೇ ಕೈಗೆ ಬಂದಂತೆ. 1770ರಲ್ಲಿ ಬಂಗಾಳದಲ್ಲಿ ಭೀಕರ ಬರ. ಕಂದಾಯ ವಸೂಲಿ ಮಾತ್ರ ನಿಲ್ಲಲಿಲ್ಲ. 1772ಕ್ಕೆ ಅದೇ ಕಂಪೆನಿ ದಿವಾಳಿಯ ಅಂಚಿಗೆ ಬಂದು ಸರಕಾರದ ಮುಂದೆ ಕೈ ಚಾಚಿತು. ಮಾರನೇ ವರ್ಷ 14 ಲಕ್ಷ ಪೌಂಡ್ ಸಾಲ ಕೊಟ್ಟರು, ಜೊತೆಗೆ ರೆಗ್ಯುಲೇಟಿಂಗ್ ಆಕ್ಟ್ ತಂದು ಲಗಾಮು ಹಾಕಿದರು. ಕಂಪೆನಿಯ ಗೋದಾಮಿನಲ್ಲಿ ರಾಶಿ ಬಿದ್ದ ಚಹಾವನ್ನು ಅಮೆರಿಕದಲ್ಲಿ ಮಾರಿಸಲು ಇನ್ನೊಂದು ಕಾಯಿದೆ ಮಾಡಿದರು. 1773ರ ಡಿಸೆಂಬರಿನಲ್ಲಿ ಆ ಚಹಾವೇ ಬೋಸ್ಟನ್ನಿನ ಕಡಲಿಗೆ ಬಿತ್ತು. ಅಮೆರಿಕ ಕೈಬಿಡಲು ಕಾರಣ ಅದೊಂದೇ ಅಲ್ಲ, ಫ್ರೆಂಚರ ಜೊತೆಗಿನ ಏಳು ವರ್ಷದ ಯುದ್ಧದ ಸಾಲ ತೀರಿಸಲು ಅಲ್ಲಿ ಹಾಕಿದ ತೆರಿಗೆಯೂ ಕಾರಣ. ಆ ಯುದ್ಧವೂ ವಿಸ್ತರಣೆಯದ್ದೇ. 1781ರಲ್ಲಿ ಯಾರ್ಕ್‌ಟೌನಿನಲ್ಲಿ ಅಮೆರಿಕದವರಿಗೆ ಶರಣಾದ ಇಂಗ್ಲಿಷ್ ಸೇನಾಪತಿ ಕಾರ್ನ್‌ವಾಲಿಸ್ ಆಮೇಲೆ ಇಲ್ಲಿಗೆ ಬಂದು ಶ್ರೀರಂಗಪಟ್ಟಣದ ಮುಂದೆ ನಿಂತ.

1799ರ ಮೇ 4ರಂದು ಟಿಪ್ಪು ಬಿದ್ದ. ಕಂಪೆನಿಯ ಗವರ್ನರ್ ಜನರಲ್ ವೆಲ್ಲೆಸ್ಲಿ ಅಲ್ಲಿಗೆ ನಿಲ್ಲಿಸದೆ ಮರಾಠರ ಮೇಲೂ ಹೋದ. ನಕ್ಷೆ ಬೆಳೆಯಿತು, ಅದಕ್ಕಿಂತ ಜೋರಾಗಿ ಕಂಪೆನಿಯ ಸಾಲ ಬೆಳೆಯಿತು. 1805ರಲ್ಲಿ ಅವನನ್ನು ವಾಪಸ್ ಕರೆಸಿಕೊಂಡರು. ಮಲಬಾರಿನಲ್ಲಿ ಪಳಶ್ಶಿ ರಾಜ 1805ರ ನವೆಂಬರಿನಲ್ಲಿ ಸಾಯುವವರೆಗೆ ವಯನಾಡಿನ ಕಾಡಿನಲ್ಲಿ ಕಂಪೆನಿಯ ಸೈನ್ಯವನ್ನು ಓಡಾಡಿಸಿದ. ಮೈಸೂರಿಗೆ ಕೊಟ್ಟ ತೊಂದರೆಯನ್ನೇ ಆ ನೆಲ ಗೆದ್ದವರಿಗೂ ಕೊಟ್ಟಿತು.

ಡಚ್ಚರನ್ನು ಮರೆಯಬೇಡಿ. 1663ರಲ್ಲಿ ಪೋರ್ಚುಗೀಸರಿಂದ ಕೊಚ್ಚಿ ಕಿತ್ತುಕೊಂಡರು, ಮೆಣಸಿಗಾಗಿ. 1741ರಲ್ಲಿ ಕೊಳಚ್ಚಲಿನಲ್ಲಿ ಮಾರ್ತಾಂಡವರ್ಮನಿಂದ ಸೋತರು. 1789ರಲ್ಲಿ ಕೊಡುಂಗಲ್ಲೂರಿನ ಕೋಟೆಯನ್ನು ತಿರುವಾಂಕೂರಿಗೆ ಮಾರಿದರು, ಟಿಪ್ಪು ಸಿಟ್ಟಾದದ್ದೂ ಅದಕ್ಕೇ. 1795ರಲ್ಲಿ ಕೊಚ್ಚಿ ಇಂಗ್ಲಿಷರಿಗೆ ಹೋಯಿತು. 1799ರ ಕೊನೆಯ ದಿನ ಡಚ್ ಕಂಪೆನಿಯೇ ಮುಚ್ಚಿತು. ಒಂದೇ ವರ್ಷದಲ್ಲಿ ಶ್ರೀರಂಗಪಟ್ಟಣವೂ ಹೋಯಿತು, ಡಚ್ ಕಂಪೆನಿಯೂ ಹೋಯಿತು.

ಹಾಗಾದರೆ ಲಾಭ ಯಾರಿಗೂ ಆಗಲಿಲ್ಲವೇ? ಆಯಿತು. ಕ್ಲೈವ್‌ನಂಥವರಿಗೆ ಆಯಿತು, ಸೈನ್ಯಕ್ಕೆ ಸರಕು ಒದಗಿಸುವ ಗುತ್ತಿಗೆದಾರರಿಗೆ ಆಯಿತು, ಯುದ್ಧಕ್ಕೆ ಸಾಲ ಕೊಟ್ಟು ಬಡ್ಡಿ ಎಣಿಸಿದವರಿಗೆ ಆಯಿತು. ಸಾಲ ಮಾತ್ರ ಕಂದಾಯ ಕಟ್ಟುವವನ ಹೆಸರಿಗೆ. ಲಾಭ ಪಡೆಯುವವನು ಮತ್ತು ಖರ್ಚು ಕೊಡುವವನು ಬೇರೆ ಬೇರೆ ಆದಾಗ, ವಿಸ್ತರಣೆ ಬೇಡ ಅಂತ ಹೇಳುವವರು ಆ ಕೋಣೆಯಲ್ಲಿ ಇರುವುದೇ ಇಲ್ಲ.

ಮಂಜೇಶ್ವರದ ಟೀಚರ್:

ಕುಂಬಳೆಯವರ ಕೊನೆಯ ಸಾಲನ್ನೇ ಹಿಡಿದು ಹೇಳುತ್ತೇನೆ. ಇಷ್ಟು ಹೊತ್ತು ರೂಪಾಯಿ, ಕೋಟೆ, ಘಾಟಿಯ ಮಾತಾಯಿತು. ಜನ ಎಲ್ಲಿ?

ಕೊಡಗಿನವರನ್ನು ಟಿಪ್ಪುವಿನ ಕಡೆಯವರು ಊರು ಬಿಡಿಸಿ ಶ್ರೀರಂಗಪಟ್ಟಣಕ್ಕೆ ಒಯ್ದರು. 1784ರಲ್ಲಿ ಮಂಗಳೂರು ಸೀಮೆಯ ಕ್ರೈಸ್ತರನ್ನು ಹಾಗೆಯೇ ಘಟ್ಟ ಹತ್ತಿಸಿದರು. ಎಷ್ಟೋ ಮಂದಿ ದಾರಿಯಲ್ಲೇ ಸತ್ತರು. ಯಾಕೆ? ಗಡಿನಾಡಿನವರು ವೈರಿಗೆ ಸಹಾಯ ಮಾಡಿದರು ಎಂಬ ಸಂಶಯ. ಇದು ಒಬ್ಬನ ಕಥೆ ಅಷ್ಟೇ ಅಲ್ಲ. 1791ರಲ್ಲಿ ಪರಶುರಾಮ ಭಾವೂನ ಮರಾಠಾ ದಂಡಿನವರು ಶೃಂಗೇರಿ ಮಠವನ್ನೇ ಲೂಟಿ ಮಾಡಿದರು, ಆಗ ಮಠಕ್ಕೆ ನೆರವು ಕಳಿಸಿದವನು ಟಿಪ್ಪು. ಗಡಿ ಸರಿದಾಗಲೆಲ್ಲ ಅದರ ಮೇಲೆ ಮನೆ ಇರುವವರು ಯಾರಾದರೊಬ್ಬರಿಗೆ ದ್ರೋಹಿಗಳಾಗುತ್ತಾರೆ. ಅವರು ಅಲ್ಲಿಂದ ಅಲುಗಾಡಿರುವುದೇ ಇಲ್ಲ, ಸರಿದದ್ದು ಗಡಿ.

ಕಂಪೆನಿ ಏನು ಮಾಡಿತು ನೋಡಿ. 1834ರಲ್ಲಿ ಕೊಡಗನ್ನು ನುಂಗಿತು. ಅಮರ ಸುಳ್ಯ, ಪುತ್ತೂರಿನ ಮಾಗಣೆಗಳನ್ನು (ಹಲವು ಊರು ಸೇರಿದ ಕಂದಾಯ ವಿಭಾಗಗಳನ್ನು) ಕೊಡಗಿನಿಂದ ತೆಗೆದು ಕೆನರಾಕ್ಕೆ ಸೇರಿಸಿತು. ಅಲ್ಲಿಯವರೆಗೆ ಕಂದಾಯವನ್ನು ಬೆಳೆಯ ರೂಪದಲ್ಲಿ ಕೊಡುತ್ತಿದ್ದ ಒಕ್ಕಲು ಇನ್ನು ಮೇಲೆ ರೊಕ್ಕದಲ್ಲಿ ಕೊಡಬೇಕು. ಭತ್ತ ಕೊಯ್ಲಾದ ಕೂಡಲೇ ಎಲ್ಲರೂ ಮಾರಲು ಹೊರಟರೆ ಕ್ರಯ ಏನಾಗುತ್ತದೆ ಅಂತ ಇಲ್ಲಿನ ಕೃಷಿಕರಿಗೆ ನಾನು ಹೇಳಬೇಕಾಗಿಲ್ಲ. 1837ರಲ್ಲಿ ಅವರು ಎದ್ದು ಮಂಗಳೂರಿನವರೆಗೆ ಬಂದು ಪೇಟೆಯನ್ನೇ ಹಿಡಿದರು. ಅವರನ್ನು ಬಗ್ಗುಬಡಿಯಲು ಕಂಪೆನಿ ಕಣ್ಣೂರಿನಿಂದ ಪಡೆ ತರಿಸಿತು. ಮಲಬಾರಿನ ಗೆಲುವು ಕೆನರಾದ ಜನರ ಮೇಲೆ ಹೀಗೆ ಉಪಯೋಗಕ್ಕೆ ಬಂತು.

1862ರಲ್ಲಿ ಉತ್ತರ ಕೆನರಾವನ್ನು ಬೊಂಬಾಯಿಗೆ ಕೊಟ್ಟು ನಮ್ಮನ್ನು ಮದರಾಸಿನಲ್ಲಿ ಉಳಿಸಿದರು. 1956ರ ನವೆಂಬರ್ 1ಕ್ಕೆ ಕಾಸರಗೋಡು ಕೇರಳಕ್ಕೆ. 1967ರಲ್ಲಿ ಗಡಿ ವಿವಾದ ನೋಡಿದ ಮಹಾಜನ ಆಯೋಗ ಚಂದ್ರಗಿರಿಯ ಉತ್ತರ ಭಾಗ ಕರ್ನಾಟಕಕ್ಕೆ ಸೇರಲಿ ಎಂದರೂ ಕಾಗದದಲ್ಲೇ ಉಳಿಯಿತು. ಗೆರೆ ಎಳೆಯುವವರು ಯಾವ ಕಾಲದಲ್ಲೂ ನಮ್ಮೂರಿಗೆ ಬಂದು ಕೇಳಿಲ್ಲ.

ಹೊಸದುರ್ಗದವ:

ಟೀಚರ್, ನಿಮ್ಮ ಮಾತು ತಟ್ಟಿತು. ಆದರೂ ಒಂದು ಕೇಳುತ್ತೇನೆ. ಕೆಳದಿಯವರ ಬರವನ್ನೂ ಇದೇ ಸಾಲಿಗೆ ಸೇರಿಸುತ್ತೀರಾ?

ಮಂಜೇಶ್ವರದ ಟೀಚರ್:

ಸೇರಿಸುತ್ತೇನೆ, ಹೊಸದುರ್ಗದಣ್ಣ. ನಿಮ್ಮ ಹಿರಿಯರಿಗೆ ಉಂಬಳಿ ಸಿಕ್ಕಿದ ಭೂಮಿಯಲ್ಲಿ ಅದಕ್ಕಿಂತ ಮೊದಲು ಬೇರೆ ಯಾರದ್ದೋ ಹಕ್ಕು ಇದ್ದಿರಬೇಕಲ್ಲ. ಆದರೆ ಮಾಷ್ಟ್ರು ಹೇಳಿದ 12 ವರ್ಷದ ಲೆಕ್ಕ ನನಗೆ ಮುಖ್ಯ. ಗೆದ್ದ ಮೇಲೆ ಗೆದ್ದವನು ಹೇಗೆ ಆಳುತ್ತಾನೆ ಎನ್ನುವುದರಲ್ಲಿ ವ್ಯತ್ಯಾಸ ಉಂಟು. ಆ ವ್ಯತ್ಯಾಸವನ್ನು ನಾನು ಚಿಕ್ಕದು ಅನ್ನುವುದಿಲ್ಲ.

ಪೆರ್ಲದ ತೋಟದವ:

ಎಲ್ಲ ಸರಿ, ಆದರೆ ಮೂಲ ಪ್ರಶ್ನೆಗೆ ಬನ್ನಿ. ಇಳಿಯದೆ ಇದ್ದರೆ ಹೈದರ್ ಏನು ಮಾಡಬೇಕಿತ್ತು? ಮರಾಠರು ಬಡಗಿನಲ್ಲಿ, ನಿಜಾಮ ಮೂಡಣದಲ್ಲಿ, ಇಂಗ್ಲಿಷರು ಮದರಾಸಿನಲ್ಲಿ. ಬೆಳೆಯದ ರಾಜ್ಯವನ್ನು ಬೆಳೆಯುವ ರಾಜ್ಯ ತಿನ್ನುತ್ತದೆ. ಆ ಕಾಲ ಹಾಗಿತ್ತು.

ಚಂದ್ರಗಿರಿ ದಡ:

ಉತ್ತರ ನಮ್ಮವರಲ್ಲೇ ಉಂಟು. ಕೃಷ್ಣದೇವರಾಯ ಉದಯಗಿರಿ, ಕೊಂಡವೀಡು ಗೆದ್ದು ಒಡಿಶಾದ ಅರಸ ಗಜಪತಿಯ ನಾಡಿನೊಳಗೆ ಸಿಂಹಾಚಲದವರೆಗೆ ಹೋದ. ಅಷ್ಟು ದೂರ ಹೋದವನು ಎಲ್ಲವನ್ನೂ ಇಟ್ಟುಕೊಳ್ಳಬಹುದಿತ್ತು. ಗಜಪತಿಯ ಮಗಳನ್ನು ಮದುವೆಯಾಗಿ ಕೃಷ್ಣಾ ನದಿಯ ಉತ್ತರದ್ದನ್ನು ಹಿಂದಕ್ಕೆ ಕೊಟ್ಟ. ನದಿಯೇ ಗಡಿ. ಮೂಡಣ ದಿಕ್ಕು ಶಾಂತವಾಯಿತು, 1520ರಲ್ಲಿ ರಾಯಚೂರಿನ ಕಡೆ ಪೂರ್ತಿ ಬಲ ಹಾಕಲು ಆಯಿತು. ಗೆದ್ದದ್ದನ್ನು ಕೊಡುವ ಧೈರ್ಯ ಗೆಲ್ಲುವ ಧೈರ್ಯಕ್ಕಿಂತ ಅಪರೂಪ, ರಾಯನಿಗೆ ಅದಿತ್ತು.

ಹೈದರನಿಗೂ ಅಂಥ ಅವಕಾಶ 1768ರಲ್ಲಿ ಬಂದಿತ್ತು. ಮಲಬಾರಿನ ಅರಸರು ಕಪ್ಪ ಕೊಡಲು ಒಪ್ಪಿದ್ದರು. ಅದನ್ನೇ ಗಟ್ಟಿ ಮಾಡಿ, ನೀಲೇಶ್ವರದ ಬಡಗಿನದ್ದನ್ನು ನೇರ ಆಳಿ, ತೆಂಕಣದ ಅರಸರನ್ನು ಅವರವರ ಜಾಗದಲ್ಲಿ ಇಟ್ಟಿದ್ದರೆ? ಫ್ರೆಂಚರ ಮದ್ದುಗುಂಡು ಮಂಗಳೂರಿನಲ್ಲೂ ಇಳಿಯಬಹುದಿತ್ತು. ಮೆಣಸು ಕೊಂಡುಕೊಳ್ಳುವುದಕ್ಕೆ ಬಳ್ಳಿ ನಮ್ಮದೇ ಆಗಬೇಕೆಂದಿಲ್ಲವಲ್ಲ.

ಅಕ್ಕಲಕೋಟದಿಂದ:

ಭೇಷ್. ನಡುವಿನವರು ನಡುವ ಇರಲಿ ಅನ್ನೂದ ನನ್ನ ಮಾತೂ.

ದುಬೈಯಲ್ಲಿರುವ ಕುಂಬಳೆಯವ:

ಒಂದು ಎಚ್ಚರಿಕೆ. ಕಪ್ಪ ಕೊಡುವವನು ಬಲ ಕಂಡಾಗ ಮಾತ್ರ ಕೊಡುತ್ತಾನೆ. ವಸೂಲಿಗೆ ಮತ್ತೆ ಸೈನ್ಯ ಕಳಿಸಬೇಕಾಗುತ್ತದೆ. 1773ರ ಹೊತ್ತಿಗೆ ಆದದ್ದೂ ಅದೇ. ಚಂದ್ರಗಿರಿಯವರ ದಾರಿಯೂ ಪುಕ್ಕಟೆ ಅಲ್ಲ.

ಚಂದ್ರಗಿರಿ ದಡ:

ಪುಕ್ಕಟೆ ಅಂತ ನಾನು ಹೇಳಲಿಲ್ಲ. ಅಗ್ಗ ಅಂತ ಹೇಳುತ್ತಿದ್ದೇನೆ. ಕಪ್ಪ ಒಂದು ವರ್ಷ ತಪ್ಪಿದರೆ ಆ ವರ್ಷದ ಕಪ್ಪ ಹೋಗುತ್ತದೆ. ನೇರ ಆಳುವ ನಾಡು ಎದ್ದರೆ ಸೈನ್ಯ, ಖಜಾನೆ, ಮರ್ಯಾದೆ ಮೂರನ್ನೂ ಪಣಕ್ಕಿಡಬೇಕು.

ಬದಿಯಡ್ಕದ ಮಾಷ್ಟ್ರು:

1792ರಿಂದ 1799ರವರೆಗಿನ ಏಳು ವರ್ಷವನ್ನು ಯಾರೂ ಎತ್ತಲಿಲ್ಲ. ಆಗ ಮಲಬಾರು ಕಂಪೆನಿಗೆ ಹೋಗಿತ್ತು, ಕೆನರಾ ಟಿಪ್ಪುವಿನ ಬಳಿಯೇ ಇತ್ತು. ಅಂದರೆ ಮೈಸೂರಿನ ಕರಾವಳಿಯ ತುದಿ ನಮ್ಮ ಈ ಸೀಮೆ. ಕೆಳದಿಯವರು 150 ವರ್ಷದ ಹಿಂದೆ ಕಟ್ಟಿದ ಬೇಕಲವೇ ಮತ್ತೆ ಗಡಿ ಠಾಣೆ. ನಡುವೆ ಅಷ್ಟು ಯುದ್ಧ, ಅಷ್ಟು ಸಾವು, ಗಡಿ ಮಾತ್ರ 1763ರಲ್ಲಿ ಎಲ್ಲಿತ್ತೋ ಹೆಚ್ಚುಕಡಿಮೆ ಅಲ್ಲಿಗೇ ವಾಪಸ್. 1801ರ ಆರಂಭದಲ್ಲಿ ಫ್ರಾನ್ಸಿಸ್ ಬುಕನನ್ ಕಂಪೆನಿಯ ಪರವಾಗಿ ಇದೇ ದಾರಿಯಲ್ಲಿ ಹೊಸದುರ್ಗ, ಬೇಕಲ, ಕಾಸರಗೋಡು, ಕುಂಬಳೆ, ಮಂಜೇಶ್ವರ ಹಾದು ಹೋದ. ಪ್ರತಿ ಊರಿನಲ್ಲಿ ಬೆಳೆ, ಗೇಣಿ, ಕಂದಾಯ ಕೇಳಿ ಬರೆದುಕೊಂಡ. ಹೊಸ ಒಡೆಯನಿಗೆ ಮೊದಲು ಬೇಕಾದದ್ದು ಅದೇ.

ಪೆರ್ಲದ ತೋಟದವ:

ಮಾಷ್ಟ್ರೆ, ನಿಮ್ಮದೂ ಚಂದ್ರಗಿರಿಯವರದ್ದೂ ಓದಿದ ಮೇಲೂ 1766ರ ನಿರ್ಧಾರ ತಪ್ಪು ಅಂತ ನಾನು ಹೇಳುವುದಿಲ್ಲ. ಆಗ ಇಂಗ್ಲಿಷರು ತಲಶ್ಶೇರಿಯಲ್ಲಿ ಒಂದು ಕೋಟೆಯವರು ಅಷ್ಟೇ, ಸಾಮೂದಿರಿ ದುರ್ಬಲ, ಆಲಿ ರಾಜನ ಹಡಗುಗಳು ನಮ್ಮ ಕಡೆ. ಆ ದಿನದ ಲೆಕ್ಕ ಸರಿ ಇತ್ತು.

ತಪ್ಪಿದ್ದು 1789ರಲ್ಲಿ. 1784ರ ಮಂಗಳೂರಿನ ಒಪ್ಪಂದದಲ್ಲಿ ತಿರುವಾಂಕೂರು ಕಂಪೆನಿಯ ಮಿತ್ರ ಅಂತ ಬರೆದಿತ್ತು, ಅದಕ್ಕೆ ಟಿಪ್ಪುವಿನದ್ದೇ ಮೊಹರು. ನೆಡುಂಕೋಟೆ ಮುಟ್ಟಿದರೆ ಮದರಾಸು ಬರುತ್ತದೆ ಅಂತ ಕಾಗದದಲ್ಲೇ ಇತ್ತು. ಬಡಗಿನಲ್ಲಿ ಮರಾಠರ ಜೊತೆ 1787ರಲ್ಲಿ ರಾಜಿಯಾಗಿತ್ತು, ಆದರೆ ಪುಣೆಯವರ ಮನಸ್ಸು ತಿಳಿಯಾಗಿರಲಿಲ್ಲ. ನಿಜಾಮ ಕಾಯುತ್ತಾ ಇದ್ದ. ಒಂದು ಗೋಡೆ ಹತ್ತಲು ಹೋಗಿ ಮೂವರನ್ನು ಒಟ್ಟು ಮಾಡಿದ್ದು ಆ ನಿರ್ಧಾರ. ಅದರ ಹಿಂದಿನ ದಿನದವರೆಗೂ ಮಲಬಾರು ಉಳಿಯುವ ದಾರಿ ಇತ್ತು.

1766ನ್ನೂ 1789ನ್ನೂ ಒಂದೇ ತಕ್ಕಡಿಗೆ ಹಾಕಬೇಡಿ. ದರ್ಬಾರಿನಲ್ಲಿ ನಾನಿದ್ದರೆ ಮೊದಲನೆಯದಕ್ಕೆ ಕೈ ಎತ್ತುತ್ತಿದ್ದೆ, ಎರಡನೆಯದಕ್ಕೆ ಕಾಲಿಗೆ ಬಿದ್ದಾದರೂ ಬೇಡ ಅನ್ನುತ್ತಿದ್ದೆ.

ಚಂದ್ರಗಿರಿ ದಡ:

ಪೆರ್ಲದ ಅಣ್ಣ, 1789ರ ಬಗ್ಗೆ ನಮ್ಮಿಬ್ಬರದ್ದೂ ಒಂದೇ ಮಾತು. ಆದರೆ 1766ರಲ್ಲಿ ಇಳಿದವನಿಗೆ ನಿಲ್ಲುವ ಗೆರೆ ಯಾವುದು ಅಂತ ನೀವಿನ್ನೂ ಹೇಳಿಲ್ಲ. ಕಲ್ಲಿಕೋಟೆಯೇ, ಕೊಚ್ಚಿಯೇ, ನೆಡುಂಕೋಟೆಯೇ? ಅದನ್ನು ಹೇಳಿದರೆ ನಾನೂ ಕೈ ಎತ್ತುವುದನ್ನು ಯೋಚಿಸುತ್ತೇನೆ.

ಪೆರ್ಲದ ತೋಟದವ:

ಪಾಲಕ್ಕಾಡು. ಕೋಟೆ ಕಟ್ಟಿ, ಕಣಿವೆ ಮುಚ್ಚಿ, ಪೊನ್ನಾನಿ ಹೊಳೆಯ ತೆಂಕಕ್ಕೆ ಒಂದು ಹೆಜ್ಜೆಯೂ ಇಡಬಾರದಿತ್ತು.